ಐದೂವರೆಯ ನಂತರದ ಸಾಹಿತ್ಯ

ಪಿಯುಸಿ ಫಲಿತಾಂಶ ಬಂದ ವಾರ ರಾಜ್ಯದ ಎಷ್ಟೋ ಮನೆಗಳಲ್ಲಿ ಒಂದೇ ಜಗಳ ನಡೆಯುತ್ತದೆ. ಮಗಳಿಗೆ ಚಿತ್ರಕಲೆ ಓದುವಾಸೆ, ಅಪ್ಪನ ಕಣ್ಣು ಸಿಇಟಿ ರ್‍ಯಾಂಕಿನ ಮೇಲೆ. ಹತ್ತು ವರ್ಷ ಕಳೆದ ಮೇಲೆ ಅದೇ ಜಗಳ ಬೇರೆ ವೇಷ ತೊಟ್ಟು ಬರುತ್ತದೆ: ಕಂಪನಿಯಲ್ಲಿ ಕೈತುಂಬ ಸಂಬಳ ಎಣಿಸುತ್ತಿರುವ ಮಗ ಒಂದು ದಿನ ರಾಜೀನಾಮೆ ಕೊಟ್ಟು ಸಿನಿಮಾ ಮಾಡುತ್ತೇನೆ, ಕಾದಂಬರಿ ಬರೆಯುತ್ತೇನೆ ಎನ್ನುತ್ತಾನೆ. ಹಿರಿಯರ ಬಾಯಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಸಿದ್ಧವಾಗಿರುತ್ತದೆ. ಇನ್ನೊಂದು ಕಡೆ ವೇದಿಕೆಯ ಭಾಷಣಕಾರರೂ ಪಾಡ್‌ಕಾಸ್ಟಿನ ಅತಿಥಿಗಳೂ ಧೈರ್ಯ ಮಾಡು, ಮನಸ್ಸಿಗೆ ಬಂದದ್ದನ್ನು ಮಾಡು, ಹಣ ತಾನಾಗಿ ಹಿಂದೆ ಬರುತ್ತದೆ ಎಂದು ಹುರಿದುಂಬಿಸುತ್ತಾರೆ. ಮೇಲ್ನೋಟಕ್ಕೆ ಇವು ಎದುರುಬದುರು ಮಾತುಗಳು. ಒಳಗೆ ಎರಡರದ್ದೂ ಒಂದೇ ನಂಬಿಕೆ: ತಿಂಗಳ ಸಂಬಳಕ್ಕೂ ಕಲೆಗೂ ಆಗಿಬರುವುದಿಲ್ಲ, ಒಂದನ್ನು ಹಿಡಿದವನು ಇನ್ನೊಂದನ್ನು ಬಿಡಲೇಬೇಕು. ಕನ್ನಡದ ಕಳೆದ ನೂರು ವರ್ಷದ ಬರವಣಿಗೆ, ಸಂಗೀತ, ರಂಗಭೂಮಿಗಳ ಲೆಕ್ಕಪುಸ್ತಕ ತೆರೆದರೆ ಈ ನಂಬಿಕೆಗೆ ಅಲ್ಲಿ ಆಧಾರವೇ ಸಿಗುವುದಿಲ್ಲ. ನಮ್ಮ ಕಲೆಗೆ ಅತಿ ದೊಡ್ಡ ಪೋಷಕನಾಗಿ ನಿಂತದ್ದು ಪುಸ್ತಕ ಮಾರುಕಟ್ಟೆಯೂ ಅಲ್ಲ, ಅಕಾಡೆಮಿಗಳೂ ಅಲ್ಲ, ಸಾಧಾರಣವಾದ ತಿಂಗಳ ಸಂಬಳ.

ಮಾಸ್ತಿ ವೆಂಕಟೇಶ ಅಯ್ಯಂಗಾರರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್‌ನಲ್ಲಿದ್ದರು. ಕನ್ನಡದ ಸಣ್ಣಕತೆಗೆ ಬುನಾದಿ ಹಾಕಿದ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಬಂದಾಗ ಅವರು ಸರ್ಕಾರಿ ಅಧಿಕಾರಿ. ಮನೆಮನೆಯಲ್ಲಿ ಹಾಡಿಕೊಂಡ ‘ಮೈಸೂರು ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡೇ ಬದುಕಿದವರು. ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಪ್ರಕಟವಾದಾಗ ಕುವೆಂಪು ಮೈಸೂರಿನಲ್ಲಿ ಅಧ್ಯಾಪಕರು. ನವ್ಯದ ಮುಂದಾಳು ಗೋಪಾಲಕೃಷ್ಣ ಅಡಿಗರು ಮೇಷ್ಟ್ರಾಗಿ, ಮುಂದೆ ಸಾಗರ ಮತ್ತು ಉಡುಪಿಯ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿ ದುಡಿದರು. ಎಸ್.ಎಲ್. ಭೈರಪ್ಪನವರು ತತ್ವಶಾಸ್ತ್ರ ಪಾಠ ಹೇಳುತ್ತಲೇ ‘ಪರ್ವ’ ಬರೆದರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರು, ಜಯಂತ ಕಾಯ್ಕಿಣಿ ಜೀವರಸಾಯನಶಾಸ್ತ್ರ ಓದಿಕೊಂಡು ಅದೇ ಊರಿನ ಔಷಧ ಕಂಪನಿಯಲ್ಲಿ ನೌಕರರಾಗಿದ್ದವರು. ವಿವೇಕ ಶಾನಭಾಗರೂ ವಸುಧೇಂದ್ರರೂ ಎಂಜಿನಿಯರುಗಳು. ಹೀಗೆ ಹೆಸರು ಪೋಣಿಸುತ್ತ ಹೋದರೆ ಆಧುನಿಕ ಕನ್ನಡ ಸಾಹಿತ್ಯದ ಮುಕ್ಕಾಲು ಪಾಲು ಹಾಜರಿ ಪುಸ್ತಕಕ್ಕೆ ರುಜು ಹಾಕಿದವರದ್ದೇ ಎಂದು ಗೊತ್ತಾಗುತ್ತದೆ. ಇವರಿಗೆಲ್ಲ ನೌಕರಿ ಒಂದು ಹೊರೆಯಾಗಿತ್ತು, ಅದರ ನಡುವೆಯೂ ಬರೆದರು ಎಂದು ಹೇಳುವುದು ಅರ್ಧ ಸತ್ಯ. ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಕಂಪನಿಯ ಅಧಿಕಾರಿ, ಆ ಕಾದಂಬರಿಯ ಭಯ, ಸಂಚು, ಮೇಲಧಿಕಾರಿಯ ಮುಖ ನೋಡಿ ಉಸಿರಾಡುವ ಸ್ಥಿತಿ ಇವೆಲ್ಲ ಕಾರ್ಪೊರೇಟ್ ಕಚೇರಿಯ ಒಳಗೆ ಕೂತವರಿಗಷ್ಟೇ ಆ ಸೂಕ್ಷ್ಮದಲ್ಲಿ ಕಾಣುವಂಥವು. ಕೆಲಸ ಅವರಿಗೆ ಅನ್ನದ ಜೊತೆ ವಸ್ತುವನ್ನೂ ಕೊಟ್ಟಿತು.

ಬರವಣಿಗೆ ಬಿಡಿ, ಅದು ಕಾಗದ ಪೆನ್ನಿನ ಕೆಲಸ, ರಾತ್ರಿ ಕೂತೂ ಬರೆಯಬಹುದು ಎನ್ನುವವರು ಉಳಿದ ಕಲೆಗಳತ್ತ ನೋಡಲಿ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರು ಅರಮನೆಯ ಆಸ್ಥಾನ ವಿದ್ವಾಂಸರು. ಬೊಕ್ಕಸದ ಸಂಬಳದ ಮೇಲೆ ಅವರ ಸಾಧನೆ ನಿಂತಿತ್ತು. ಅರಮನೆಗಳ ಕಾಲ ಮುಗಿಯುವ ಹೊತ್ತಿಗೆ ಆ ಜಾಗಕ್ಕೆ ಆಕಾಶವಾಣಿ ಬಂತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಮೈಸೂರಿನಲ್ಲಿ ಖಾಸಗಿಯಾಗಿ ಆರಂಭಿಸಿದ ಬಾನುಲಿಯಿಂದ ಹಿಡಿದು 1950ರ ಧಾರವಾಡ ಕೇಂದ್ರದವರೆಗೆ, ನಿಲಯದ ಕಲಾವಿದ ಎಂಬ ಹುದ್ದೆ ಎರಡು ತಲೆಮಾರಿನ ಗಾಯಕರನ್ನೂ ವಾದ್ಯಗಾರರನ್ನೂ ನಾಟಕಕಾರರನ್ನೂ ಸಾಕಿತು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿದ್ದರು. ವೃತ್ತಿ ರಂಗಭೂಮಿಯಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ನಟರಿಗೆ ಊಟ, ವಸತಿ, ತಿಂಗಳ ಪಗಾರ ಕೊಡುತ್ತಿತ್ತು, ರಾಜ್‌ಕುಮಾರ್, ಜಿ.ವಿ. ಅಯ್ಯರ್ ಅಲ್ಲಿ ಪಳಗಿ ಸಿನಿಮಾಕ್ಕೆ ಬಂದವರು. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಇವತ್ತಿಗೂ ವೇಷಧಾರಿಗೆ ತಿರುಗಾಟಕ್ಕೆ ಇಷ್ಟು ಎಂಬ ಸಂಬಳ, ಅದರಲ್ಲಿ ಮುಂಗಡ ಇಷ್ಟು ಎಂಬ ಮಾತು ಸೀಸನ್ನಿಗೆ ಮೊದಲೇ ಆಗಿರುತ್ತದೆ. ನವೆಂಬರಿನಲ್ಲಿ ಗೆಜ್ಜೆ ಕಟ್ಟಿದವರು ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಬಿಚ್ಚುತ್ತಾರೆ. ಮಳೆಗಾಲದ ಆರು ತಿಂಗಳು ಆ ಸಂಬಳವಿಲ್ಲ. ಆಗ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆ ಬಾಗಿಲಿಗೆ ಹೋಗುತ್ತಾರೆ, ಕೆಲವರು ತೋಟದ ಕೆಲಸಕ್ಕೆ ಇಳಿಯುತ್ತಾರೆ. ರಾತ್ರಿ ಅರ್ಜುನನಾಗಿ ಮೆರೆದವನ ಮನೆಯ ರೇಷನ್ನಿಗೂ ಒಂದು ಪಂಚಾಂಗ ಇರುತ್ತದೆ. ಕಲೆ ಎಲ್ಲಿ ನೂರಾರು ವರ್ಷ ಬಾಳಿತೋ ಅಲ್ಲೆಲ್ಲ ಯಾರೋ ಒಬ್ಬರು, ರಾಜನೋ ದೇವಸ್ಥಾನವೋ ಕಂಪನಿಯ ಯಜಮಾನನೋ, ಗೊತ್ತಾದ ದಿನ ಗೊತ್ತಾದ ಹಣ ಕೊಡುವ ಏರ್ಪಾಡಿತ್ತು.

ಮಾರುಕಟ್ಟೆಯನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪುಸ್ತಕದ ಲೆಕ್ಕ ಸಾಕು. ಒಬ್ಬ ಲೇಖಕಿ ಮೂರು ವರ್ಷ ಕೂತು ಕಾದಂಬರಿ ಬರೆದಳೆನ್ನಿ. ಮುಖಬೆಲೆ 250 ರೂಪಾಯಿ, ಮೊದಲ ಮುದ್ರಣ 1,000 ಪ್ರತಿ. ಕನ್ನಡದಲ್ಲಿ ಗೌರವಧನದ ರೂಢಿ ಮುಖಬೆಲೆಯ ಶೇ 10. ಅಷ್ಟೂ ಪ್ರತಿ ಮಾರಾಟವಾದರೆ, ಪ್ರಕಾಶಕರು ಪ್ರಾಮಾಣಿಕರಾಗಿದ್ದರೆ, ಅವಳ ಕೈಗೆ ಬರುವುದು 25,000 ರೂಪಾಯಿ. ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 700 ರೂಪಾಯಿಯೂ ಇಲ್ಲ. ಗಾರೆ ಮೇಸ್ತ್ರಿಯ ಒಂದು ದಿನದ ಕೂಲಿ ಅದಕ್ಕಿಂತ ಜಾಸ್ತಿ. ಈಗ ಎಷ್ಟೋ ಪುಸ್ತಕಗಳು 300, 500 ಪ್ರತಿಗೇ ನಿಲ್ಲುತ್ತವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟಲಾಗುತ್ತದೆ, ಹಣ ಯಾವಾಗ ಬರುತ್ತದೆ ಎಂಬುದು ಪ್ರಕಾಶಕರಿಗೂ ದೇವರಿಗೂ ಬಿಟ್ಟದ್ದು. ಐದನೇ ಮುದ್ರಣ, ಹತ್ತನೇ ಮುದ್ರಣ ಕಾಣುವ ಲೇಖಕರು ಇದ್ದಾರೆ, ಸಂತೋಷ; ಆದರೆ ಅವರನ್ನು ಬೆರಳಲ್ಲಿ ಎಣಿಸಬಹುದು ಮತ್ತು ಅವರಲ್ಲೂ ಬಹುಪಾಲು ಮಂದಿ ಬೇರೆ ಆದಾಯ ಇಟ್ಟುಕೊಂಡವರೇ. ಯಾವ ವರ್ಷ ತೆಗೆದುಕೊಂಡರೂ ಈ ಗಣಿತ ಬದಲಾಗುವುದಿಲ್ಲ.

ಹಣದ ಕೊರತೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬರೆದದ್ದರಿಂದಲೇ ಬಾಡಿಗೆ ಕಟ್ಟಬೇಕಾದವನು ಬೇಡ ಎನ್ನುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕಿರುತೆರೆಯ ದೈನಿಕ ಧಾರಾವಾಹಿಗಳ ಸಂಭಾಷಣೆಕಾರರನ್ನು ನೋಡಿ. ಎಪಿಸೋಡಿಗೆ ಇಷ್ಟು ಎಂದು ಸಂಭಾವನೆ, ವಾರಕ್ಕೆ ಐದಾರು ಎಪಿಸೋಡು, ಪ್ರತಿ ಗುರುವಾರ ಟಿಆರ್‌ಪಿ. ರೇಟಿಂಗ್ ಬಿದ್ದರೆ ಶುಕ್ರವಾರದ ಹೊತ್ತಿಗೆ ಸತ್ತ ಪಾತ್ರ ಎದ್ದು ಬರಬೇಕು, ಒಳ್ಳೆಯ ಸೊಸೆ ವಿಷ ಬೆರೆಸಬೇಕು. ಅವರಲ್ಲಿ ಒಳ್ಳೆಯ ಕತೆಗಾರರಿದ್ದಾರೆ. ಸ್ವಂತ ಕತೆ ಬರೆಯಲು ಅವರಿಗೆ ಸಮಯವಿದ್ದರೂ ಭಾಷೆ ದಣಿದಿರುತ್ತದೆ. ದಿನವಿಡೀ ಮಾರಿದ ಸಾಮಾನನ್ನೇ ರಾತ್ರಿ ಪ್ರೀತಿಯಿಂದ ಕೈಗೆತ್ತಿಕೊಳ್ಳುವುದು ಕಷ್ಟ. ಹಿಂದಿನ ಕಾಲದಲ್ಲಿ ಇದರ ರೂಪ ಬೇರೆ ಇತ್ತು. ಬರಹವನ್ನೇ ನೆಚ್ಚಿ ಬದುಕಿದ ಅ.ನ. ಕೃಷ್ಣರಾಯರು ಕನ್ನಡಕ್ಕೆ ದೊಡ್ಡ ಓದುಗ ವರ್ಗವನ್ನೇ ಸೃಷ್ಟಿಸಿದರು, ಆ ಋಣ ದೊಡ್ಡದು. ಆದರೆ ‘ಸಂಧ್ಯಾರಾಗ’ ಬರೆದ ಅದೇ ಕೈ ಸಾಲುಸಾಲಾಗಿ ಬರೆದ ಕಾದಂಬರಿಗಳಲ್ಲಿ ಎಷ್ಟು ಅವಸರದವು ಎಂದು ಕೇಳಿದರೆ ಅವರ ಅಭಿಮಾನಿಗಳೂ ತುಸು ಸುಮ್ಮನಾಗುತ್ತಾರೆ. ಒಂದು ಪದ್ಯವನ್ನು ಎರಡು ವರ್ಷ ಮೇಜಿನ ಖಾನೆಯಲ್ಲಿಟ್ಟು ಮತ್ತೆ ತಿದ್ದುವ ಸ್ವಾತಂತ್ರ್ಯ ಗುಮಾಸ್ತನಿಗಿತ್ತು. ಆ ಪದ್ಯ ಯಾರಿಗೂ ಇಷ್ಟವಾಗದಿದ್ದರೂ ಒಂದನೇ ತಾರೀಖು ಅವನ ಮನೆಗೆ ಅಕ್ಕಿ ಬರುತ್ತಿತ್ತು.

ಇಲ್ಲಿಗೆ ಬಂದೊಡನೆ ಎದುರಾಗುವ ಪ್ರಶ್ನೆ ಗೊತ್ತೇ ಇದೆ: ಹಾಗಾದರೆ ಕಾರಂತರು? ಲಂಕೇಶರು? ತೇಜಸ್ವಿ? ಗಿರೀಶ ಕಾರ್ನಾಡ? ಇವರೆಲ್ಲ ನೌಕರಿಯನ್ನು ಒದ್ದು ಬಂದದ್ದರಿಂದಲೇ ಅಷ್ಟು ಎತ್ತರಕ್ಕೆ ಏರಿದರಲ್ಲವೇ? ಒಬ್ಬೊಬ್ಬರನ್ನೂ ಹತ್ತಿರದಿಂದ ನೋಡಿದರೆ ಕತೆ ಬೇರೆಯೇ ಇದೆ. ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯಲ್ಲಿ 1963ರಿಂದ ಏಳು ವರ್ಷ ಕೆಲಸ ಮಾಡಿದರು. ‘ತುಘಲಕ್’ ಹೊರಬಂದದ್ದು ಆ ಅವಧಿಯಲ್ಲೇ. 1970ರಲ್ಲಿ ಬಿಟ್ಟಾಗ ಕೈಯಲ್ಲಿ ಹೋಮಿ ಭಾಭಾ ಫೆಲೋಶಿಪ್ ಇತ್ತು, ಅಂದರೆ ಒಂದು ಸಂಬಳದಿಂದ ಇನ್ನೊಂದು ಸಂಬಳಕ್ಕೆ ದಾಟಿದರು. ಲಂಕೇಶರು ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ, ಕತೆ, ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದ ಮೇಲೆ 1980ರಲ್ಲಿ ಪತ್ರಿಕೆ ತೆಗೆದರು. ಜಾಹೀರಾತಿಲ್ಲದ ಆ ಪತ್ರಿಕೆ ಓದುಗರ ದುಡ್ಡಿನಲ್ಲೇ ನಡೆಯಬಲ್ಲಷ್ಟು ಹೆಸರನ್ನು ಅವರು ಮೊದಲೇ ಗಳಿಸಿಕೊಂಡಿದ್ದರು. ತೇಜಸ್ವಿಯವರ ಬೆನ್ನಿಗೆ ಮೂಡಿಗೆರೆಯ ಕಾಫಿ ತೋಟವಿತ್ತು. ತೋಟದ ಕಷ್ಟ ತೋಟದವರಿಗೇ ಗೊತ್ತು, ಆದರೂ ತೋಟ ಒಂದು ಆಸರೆ. ನಿಜವಾಗಿಯೂ ಯಾವ ಆಸರೆಯೂ ಇಲ್ಲದೆ ಬದುಕಿದವರು ಶಿವರಾಮ ಕಾರಂತರು. ಅವರು ಏನೇನು ಮಾಡಬೇಕಾಯಿತು ನೋಡಿ: ಮುದ್ರಣಾಲಯ, ನಿಘಂಟು, ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ದಂಥ ವಿಶ್ವಕೋಶಗಳು, ಸಿನಿಮಾ ಪ್ರಯೋಗ, ಜೊತೆಗೆ ನಲವತ್ತಕ್ಕೂ ಮೀರಿದ ಕಾದಂಬರಿ. ಇಂಥ ದೈತ್ಯ ದುಡಿಮೆಯ ಶಕ್ತಿ ಇದ್ದವರು ನೌಕರಿ ಇಲ್ಲದೆಯೂ ಬದುಕಬಲ್ಲರು ಎಂಬುದಕ್ಕೆ ಕಾರಂತರು ಸಾಕ್ಷಿ. ಉಳಿದವರೂ ಹಾಗೇ ಮಾಡಬಹುದು ಎಂಬುದಕ್ಕೆ ಅವರನ್ನು ಸಾಕ್ಷಿಗೆ ಕರೆಯುವುದು ಅವರಿಗೂ ಅನ್ಯಾಯ, ಕರೆದು ಮೋಸಹೋಗುವ ಹುಡುಗರಿಗೂ ಅನ್ಯಾಯ. ಬೇಂದ್ರೆಯವರ ಬದುಕನ್ನೂ ಇದರ ಜೊತೆಗಿಟ್ಟು ನೋಡಬೇಕು. ‘ನರಬಲಿ’ ಪದ್ಯಕ್ಕಾಗಿ ಜೈಲು ಕಂಡು, ಸ್ಥಿರವಾದ ಕೆಲಸವಿಲ್ಲದೆ ವರ್ಷಗಟ್ಟಲೆ ಅಲೆದ ಅವರಿಗೆ 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಬಡತನ ಅವರ ಕಾವ್ಯವನ್ನು ಹುರಿಗೊಳಿಸಿತು ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಅವರ ಮನೆಯವರಲ್ಲಿ ಯಾರೂ ಆ ಭಾಷಣ ಮಾಡಿದಂತಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಒಪ್ಪಲೇಬೇಕು. ಎಲ್ಲ ಕಲೆಯೂ ಸಂಜೆಯ ಎರಡು ತಾಸಿಗೆ ಒಗ್ಗುವುದಿಲ್ಲ. ಮಾಸ್ತಿಯವರ ಉದಾಹರಣೆಯಲ್ಲೇ ಇದು ಕಾಣುತ್ತದೆ. ನೌಕರಿಯಲ್ಲಿದ್ದಾಗ ಸಣ್ಣಕತೆಗಳು ಬಂದವು. ದೊಡ್ಡ ಕಾದಂಬರಿಗಳಾದ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಬಂದದ್ದು, ತಮಗೆ ಸಲ್ಲಬೇಕಾದ ಸ್ಥಾನ ಕಿರಿಯರಿಗೆ ಹೋಯಿತೆಂದು ಅವರು ರಾಜೀನಾಮೆ ಕೊಟ್ಟ ಮೇಲೆ. ‘ಮಲೆಗಳಲ್ಲಿ ಮದುಮಗಳು’ ಕೂಡ ಕುವೆಂಪು ನಿವೃತ್ತರಾದ ಬಳಿಕದ ಕೃತಿ. ಸಂಗೀತದಲ್ಲಿ ಮಾತು ಇನ್ನೂ ಖಡಾಖಂಡಿತ. ಇಂಗ್ಲಿಷ್ ಅಧ್ಯಾಪಕರಾಗಿದ್ದ ರಾಜೀವ ತಾರಾನಾಥರು ಸರೋದಿಗಾಗಿ ಆ ವೃತ್ತಿಯನ್ನು ಬದಿಗಿಟ್ಟರು. ರಿಯಾಜಿಗೆ ದಿನದ ಉಳಿಕೆ ಹೊತ್ತು ಸಾಲುವುದಿಲ್ಲ, ದಿನವೇ ಬೇಕು. ನಾಟಕದ ತಾಲೀಮು, ನೃತ್ಯ, ಸಿನಿಮಾ ನಿರ್ದೇಶನ ಇವೂ ಹಾಗೆಯೇ. ಆದರೆ ಇಂಥ ಕಲೆಗಳಿಗೆ ನಮ್ಮ ಹಿಂದಿನವರು ಕಂಡುಕೊಂಡ ಉತ್ತರ ಧುಮುಕು ಎಂಬ ಉಪದೇಶವಾಗಿರಲಿಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1985ರಲ್ಲಿ ನೀನಾಸಮ್ ತಿರುಗಾಟ ಆರಂಭಿಸಿದಾಗ, 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ, ನಟನಿಗೆ ತಿಂಗಳಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ರಂಗಾಯಣದ ಕಲಾವಿದರು ಸಂಬಳದವರು. ಅದರಿಂದ ಅವರು ಸರ್ಕಾರಿ ನೌಕರರ ಹಾಗೆ ಜಡವಾದರು ಎಂಬ ದೂರು ಆಗಾಗ ಕೇಳಿಬರುತ್ತದೆ, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೂ ಮೂವತ್ತು ವರ್ಷ ಒಂದೇ ತಂಡ ಒಟ್ಟಿಗೆ ತಾಲೀಮು ನಡೆಸಿದ್ದರ ಫಲವನ್ನು ಕನ್ನಡ ರಂಗಭೂಮಿ ಉಂಡಿದೆ. ಪೂರ್ಣಾವಧಿ ಬೇಡುವ ಕಲೆಗೆ ಪೂರ್ಣಾವಧಿಯ ಸಂಬಳವೇ ಬೇಕು. ಆ ಸಂಬಳ ಇಲ್ಲದ ಕಡೆ ಕಲಾವಿದನ ಹೆಂಡತಿಯೋ ಅಕ್ಕನೋ ಸದ್ದಿಲ್ಲದೆ ಅದನ್ನು ತುಂಬಿಕೊಡುತ್ತಿರುತ್ತಾಳೆ.

ಆ ಕೊನೆಯ ಮಾತು ನಮ್ಮ ಚರ್ಚೆಗಳಲ್ಲಿ ಬರುವುದು ಅಪರೂಪ. ನೌಕರಿ ಬಿಟ್ಟು ಕಲೆಗೆ ಬಾ ಎಂಬ ಕರೆ ಯಾರನ್ನು ಉದ್ದೇಶಿಸಿದ್ದು? ಸ್ವಂತ ಮನೆ, ಪಿಂಚಣಿ ಬರುವ ಅಪ್ಪ, ಸೋತರೆ ಮರಳಿ ಹತ್ತಬಹುದಾದ ಮೆಟ್ಟಿಲು ಇರುವ ಹುಡುಗನನ್ನು. ಕುಟುಂಬದಲ್ಲಿ ಮೊದಲ ಸಲ ಪದವಿ ಪಡೆದವನ ಸಂಬಳ ಅವನೊಬ್ಬನದಾಗಿರುವುದಿಲ್ಲ. ತಂಗಿಯ ಓದು, ಊರಿನ ಸಾಲ, ಅಮ್ಮನ ಔಷಧ ಎಲ್ಲವೂ ಅದರಲ್ಲೇ. ‘ಹೊಲೆಮಾದಿಗರ ಹಾಡು’ ಬರೆದ ಸಿದ್ಧಲಿಂಗಯ್ಯನವರೂ ಅವರ ತಲೆಮಾರಿನ ಹಲವು ದಲಿತ ಲೇಖಕರೂ ವಿಶ್ವವಿದ್ಯಾಲಯದ ಮೇಷ್ಟ್ರುಗಳಾದದ್ದು ಆಕಸ್ಮಿಕವಲ್ಲ. ಆ ಹುದ್ದೆ ಅವರಿಗೆ ಊಟಕ್ಕೂ ಬರಹಕ್ಕೂ ದನಿಯೆತ್ತಿ ಮಾತಾಡುವುದಕ್ಕೂ ನೆಲ ಒದಗಿಸಿತು. ಹೆಂಗಸರ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ಮನೆಯಲ್ಲೇ ಇದ್ದು ಬರೆಯಬಹುದಲ್ಲ ಎಂದು ಅವರಿಗೆ ಹೇಳುವವರು ಈ ಅಂಕಿಯನ್ನು ಒಮ್ಮೆ ಓದಿಕೊಳ್ಳಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದ ವಕೀಲರು. ಬಹುಮಾನ ತಂದ ಸಂಕಲನದ ಕತೆಗಳು ಮೂರು ದಶಕಗಳ ಉದ್ದಕ್ಕೂ ಹರಡಿಕೊಂಡಿವೆ. ಬಹುಮಾನದ 50,000 ಪೌಂಡುಗಳಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರದ್ದು, ಉಳಿದರ್ಧ ಬಾನು ಅವರ ಕೈಗೆ ಬಂದದ್ದು ಎಪ್ಪತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವರ ಕತೆಗಳಿಗೆ ನೆರಳಾಗಿ ವೃತ್ತಿ ಇತ್ತು. ಬೀದಿಯ, ಮಸೀದಿಯ, ನ್ಯಾಯಾಲಯದ ಹೆಂಗಸರ ಸಂಕಟಗಳು ಕತೆಗಾರ್ತಿಯ ಕಿವಿಗೆ ಬಿದ್ದದ್ದರಲ್ಲೂ ಆ ವೃತ್ತಿಯ ಪಾಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಹೆದರುವ ಜಾಗಕ್ಕೆ ಬರುತ್ತೇನೆ. ಗುಮಾಸ್ತನಿಗೆ ಐದೂವರೆಗೆ ಕಚೇರಿ ಮುಗಿಯುತ್ತಿತ್ತು, ಮೇಷ್ಟ್ರಿಗೆ ಬೇಸಿಗೆ ರಜೆ ಇತ್ತು. ಇವತ್ತಿನ ನೌಕರಿಯಲ್ಲಿ ಆ ಐದೂವರೆ ಎಲ್ಲಿದೆ? ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದೂವರೆ ತಾಸು ಕೂತು ಮನೆ ಸೇರಿದವನನ್ನು ಅಮೆರಿಕದ ಬೆಳಗಿನ ಕಾಲ್ ಕಾಯುತ್ತಿರುತ್ತದೆ. ಯುವಕರು ವಾರಕ್ಕೆ 70 ತಾಸು ದುಡಿಯಬೇಕೆಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ಎದ್ದ ಗದ್ದಲದಲ್ಲಿ ಆರೋಗ್ಯದ ಮಾತು ಬಂತು, ಸಂಸಾರದ ಮಾತು ಬಂತು. ಆ ತಾಸುಗಳಲ್ಲಿ ಎಷ್ಟು ಹಾಡು, ಎಷ್ಟು ಕತೆ ಹುಟ್ಟದೆ ಹೋಗುತ್ತವೆ ಎಂಬ ಮಾತು ಬರಲಿಲ್ಲ. ಇಷ್ಟು ಹೀರಿಕೊಂಡೂ ಆ ಸಂಬಳ ಗಟ್ಟಿಯೇ? 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಹುದ್ದೆ ಕಡಿತ ಘೋಷಿಸಿದಾಗ ಗಟ್ಟಿ ಎಂಬ ಭ್ರಮೆ ಇನ್ನಷ್ಟು ಕಳಚಿತು. ದೇಶದ ದುಡಿಯುವವರಲ್ಲಿ ನಿಯತ ಸಂಬಳದವರು ಐವರಲ್ಲಿ ಒಬ್ಬರ ಆಸುಪಾಸು. 2023-24ರ ಕಾರ್ಮಿಕ ಸಮೀಕ್ಷೆಯಂತೆ ಶೇ 21.7. ಕೃಷಿಯೇತರ ವಲಯದ ಅಂಥವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಕರಾರೇ ಇಲ್ಲ. ಸಂಬಳವೋ ಕಲೆಯೋ ಎಂಬ ಪ್ರಶ್ನೆ ಕೇಳಿಕೊಳ್ಳುವ ಭಾಗ್ಯವೇ ಎಷ್ಟು ಸಣ್ಣ ಗುಂಪಿನದು ಎಂದು ಇದರಿಂದ ತಿಳಿಯುತ್ತದೆ.

ಕನ್ನಡದ ಮಟ್ಟಿಗೆ ಇನ್ನೂ ನೋವಿನ ಸಂಗತಿ ಕಾಲೇಜುಗಳದ್ದು. ನವ್ಯ, ಬಂಡಾಯ, ದಲಿತ ಸಾಹಿತ್ಯಗಳೆಲ್ಲ ಹುಟ್ಟಿದ್ದು ಹೆಚ್ಚಾಗಿ ಉಪನ್ಯಾಸಕರ ಕೊಠಡಿಗಳಲ್ಲಿ. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವವರಲ್ಲಿ 10,000ಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. ವರ್ಷದಲ್ಲಿ ತರಗತಿ ನಡೆಯುವ ತಿಂಗಳುಗಳಿಗಷ್ಟೇ ಗೌರವಧನ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಈ ಸಲ ಯಾವ ಊರು ಎಂಬ ಆತಂಕ. 2022ರಲ್ಲಿ ಗೌರವಧನ ಏರಿತು, ಜೊತೆಗೆ ವಾರದ ಪಾಠದ ತಾಸುಗಳೂ ಏರಿದವು. ಹದಿನೈದು ವರ್ಷ ಹೀಗೆ ಅತಿಥಿಯಾಗಿಯೇ ಉಳಿದವರಿದ್ದಾರೆ. ಅಡಿಗರೂ ಅನಂತಮೂರ್ತಿಯವರೂ ಕೂತ ಕುರ್ಚಿಯಲ್ಲೇ ಇವರೂ ಕೂತಿದ್ದಾರೆ, ಆ ಕುರ್ಚಿಗಿದ್ದ ನೆಮ್ಮದಿ ಮಾತ್ರ ಇಲ್ಲ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿರುವುದನ್ನು ನಾವು ನಿರುದ್ಯೋಗದ ಸುದ್ದಿಯಾಗಿ ಓದುತ್ತೇವೆ. ಅದು ಸಾಂಸ್ಕೃತಿಕ ಸುದ್ದಿಯೂ ಹೌದು. ಒಬ್ಬ ನರಸಿಂಹಸ್ವಾಮಿ ಕೂರಬಹುದಾಗಿದ್ದ ಮೇಜು ಅಲ್ಲೆಲ್ಲೋ ಖಾಲಿ ಇದೆ.

ಹಾಗಾದರೆ ಇವತ್ತು ಇಪ್ಪತ್ತಾರು ವರ್ಷದ, ಬರೆಯುವ ಅಥವಾ ಹಾಡುವ ಹುಚ್ಚಿರುವ ಹುಡುಗಿ ಏನು ಮಾಡಬೇಕು? ನನ್ನ ಅಭಿಪ್ರಾಯ ಹಳೆಯ ಕಾಲದ್ದು ಅನ್ನಿಸಬಹುದು. ಕೆಲಸ ಬಿಡಬೇಡ, ಕೆಲಸ ಬದಲಿಸು. ನೌಕರಿಯನ್ನು ಅಳೆಯುವಾಗ ಅದು ಎಷ್ಟು ಕೊಡುತ್ತದೆ ಎಂಬುದರ ಜೊತೆಗೆ ಎಷ್ಟು ಉಳಿಸುತ್ತದೆ ಎಂದೂ ಕೇಳಿಕೋ. ತಿಂಗಳಿಗೆ ಒಂದು ಲಕ್ಷ ಕೊಟ್ಟು ರಾತ್ರಿ ಹನ್ನೊಂದರವರೆಗೆ ಹಿಡಿದಿಡುವ ಕಂಪನಿಗಿಂತ ನಲವತ್ತು ಸಾವಿರ ಕೊಟ್ಟು ಐದೂವರೆಗೆ ಬಿಡುವ ಬ್ಯಾಂಕು, ಶಾಲೆ, ಅಂಚೆ ಕಚೇರಿ ಕಲಾವಿದೆಗೆ ಶ್ರೀಮಂತ ನೌಕರಿ. ಊರೂ ಲೆಕ್ಕಕ್ಕೆ ಬರುತ್ತದೆ: ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಹತ್ತು ನಿಮಿಷಕ್ಕೆ ಮನೆ ಸೇರುವವರಿಗೆ ಬೆಂಗಳೂರಿನವರಿಗಿಂತ ದಿನಕ್ಕೆ ಎರಡು ತಾಸು ಜಾಸ್ತಿ ಆಯುಸ್ಸು. ಎಲ್ಲಕ್ಕಿಂತ ಹೆಚ್ಚಾಗಿ ಕಂತಿನ ಸಾಲಕ್ಕೆ ಹೆದರು. ಕಲೆಯನ್ನು ಕೊಂದದ್ದು ನೌಕರಿ ಎಂದು ದೂರುವವರಲ್ಲಿ ಬಹಳ ಮಂದಿಯನ್ನು ನಿಜವಾಗಿ ಕಟ್ಟಿಹಾಕಿರುವುದು ಇಪ್ಪತ್ತು ವರ್ಷದ ಫ್ಲ್ಯಾಟಿನ ಇಎಂಐ. ದೊಡ್ಡ ಸಂಬಳದ ಕೆಲಸವನ್ನು ಬಿಡಲಾಗದಂತೆ ಮಾಡುವುದು ಅದೇ. ಬಿಡುವುದೇ ಆದರೆ, ಕಾರ್ನಾಡರಂತೆ, ಲಂಕೇಶರಂತೆ, ಕಲೆ ಆಗಲೇ ಮೈತುಂಬಿಕೊಂಡು ನಿಂತ ಮೇಲೆ ಬಿಡು. ಬಿಟ್ಟ ಮೇಲೆ ಬರೆಯುತ್ತೇನೆ ಎನ್ನುವವರಲ್ಲಿ ಇರುವಾಗಲೂ ಬರೆಯದವರೇ ಹೆಚ್ಚು. ಇದು ಕಠಿಣ ಮಾತು, ಆದರೆ ನಿವೃತ್ತಿಯ ನಂತರ ಬರೆಯಲು ಕೂತ ಸಾವಿರಾರು ಜನರ ಖಾಲಿ ಪುಟಗಳು ಇದನ್ನೇ ಹೇಳುತ್ತವೆ.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಬಂದ ಮೇಲೆ ಈ ಮಾತೆಲ್ಲ ಹಳತಾಯಿತು ಎನ್ನುವವರಿಗೆ ಉದ್ದದ ಉತ್ತರ ಬೇಡ. ಯೂಟ್ಯೂಬಿನ ಉದ್ದ ವಿಡಿಯೊಗಳಲ್ಲಿ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆಗುವ ತನಕ ಜಾಹೀರಾತಿನ ಪಾಲು ಶುರುವೇ ಆಗುವುದಿಲ್ಲ. ಆಮೇಲೂ ಇವತ್ತು ಯಾವ ವಿಡಿಯೊ ಯಾರಿಗೆ ತೋರಿಸಬೇಕೆಂದು ನಿರ್ಧರಿಸುವ ಯಜಮಾನ ಎಲ್ಲೋ ಇದ್ದಾನೆ, ಅವನ ಮುಖ ಕಾಣುವುದಿಲ್ಲ, ಅವನು ಪಿಎಫ್ ಕಟ್ಟುವುದಿಲ್ಲ. ಗೆದ್ದ ಕನ್ನಡದ ಹುಡುಗ ಹುಡುಗಿಯರು ಇದ್ದಾರೆ, ಅವರ ಬಗ್ಗೆ ಹೆಮ್ಮೆಯೂ ಇದೆ. ಆದರೆ ವಾರಕ್ಕೆ ಮೂರು ವಿಡಿಯೊ ಹಾಕಲೇಬೇಕಾದವರ ದಣಿವು ಧಾರಾವಾಹಿ ಬರಹಗಾರರ ದಣಿವಿನ ಒಡಹುಟ್ಟಿದ್ದೇ.

ಒಬ್ಬೊಬ್ಬರ ಆಯ್ಕೆಯ ಮಾತು ಇಲ್ಲಿಗೆ ಸಾಕು, ಏಕೆಂದರೆ ಆಯ್ಕೆ ಮಾಡಿಕೊಳ್ಳಲು ಒಳ್ಳೆಯ ನೌಕರಿಗಳೇ ಇಲ್ಲದಿದ್ದರೆ ಜಾಣತನದ ಸಲಹೆಯೂ ವ್ಯರ್ಥ. ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಿಂದ ಸಿನಿಮಾ ಗೀತರಚನಕಾರರೂ ಸಂಗೀತ ನಿರ್ದೇಶಕರೂ ತಮ್ಮ ಹಾಡು ಬೇರೆಡೆ ಬಳಕೆಯಾದಾಗ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟು ಕಳೆದುಕೊಳ್ಳದಂತಾಯಿತು. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆಯನ್ನು ಅಂಗೀಕರಿಸಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ನಿಧಿ ಕಟ್ಟುವ ಯೋಜನೆ ಅದು. ಟಿಕೆಟ್ ದರ ಏರುತ್ತದೆ ಎಂದು ಉದ್ಯಮದವರು ಗೊಣಗಿದರು. ಹಾಗೆ ಕೂಡುವ ಹಣವನ್ನು ಸನ್ಮಾನ, ಉತ್ಸವಗಳಿಗೆ ಹರಿಸದೆ, ಲೈಟ್ ಬಾಯ್‌ನಿಂದ ವೇಷಧಾರಿಯವರೆಗೆ ಕೆಲಸವಿಲ್ಲದ ತಿಂಗಳುಗಳ ಭತ್ಯೆಗೂ ಆರೋಗ್ಯ ವಿಮೆಗೂ ಮೀಸಲಿಟ್ಟರೆ ಆ ಗೊಣಗಾಟಕ್ಕೆ ಉತ್ತರ ಕೊಟ್ಟಂತಾಗುತ್ತದೆ. ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಕೊಡುವ ಮಾಸಾಶನ ಅಗತ್ಯವೇ, ಆದರೆ ಅದು ಸೋತ ಮೇಲೆ ಬರುವ ನೆರವು. ದುಡಿಯುವ ವಯಸ್ಸಿನಲ್ಲಿ ಬೇಕಾದದ್ದು ಮಳೆಗಾಲದ ಆರು ತಿಂಗಳಿಗೆ ಒಂದು ಏರ್ಪಾಡು, ಗ್ರಂಥಾಲಯ ಖರೀದಿಯ ಬಾಕಿ ಅದೇ ವರ್ಷ ಚುಕ್ತಾ ಆಗುವ ಪದ್ಧತಿ, ಆಕಾಶವಾಣಿಯಲ್ಲಿ ನಿಲಯದ ಕಲಾವಿದರ ನೇಮಕ, ಹನ್ನೆರಡು ತಿಂಗಳೂ ಸಂಬಳ ಬರುವ ಉಪನ್ಯಾಸಕ ಹುದ್ದೆಗಳು. ಇವುಗಳಲ್ಲಿ ಕೊನೆಯದನ್ನು ಸಂಸ್ಕೃತಿ ಇಲಾಖೆಯ ಕಡತದಲ್ಲಿ ಯಾರೂ ಹುಡುಕುವುದಿಲ್ಲ. ಅದು ಉನ್ನತ ಶಿಕ್ಷಣ ಇಲಾಖೆಯ ಮತ್ತು ಹಣಕಾಸು ಇಲಾಖೆಯ ನಡುವೆ ವರ್ಷಗಳಿಂದ ಓಡಾಡುತ್ತಿರುವ ಕಡತ, ಮುಂದಿನ ಸಾಹಿತ್ಯ ಸಮ್ಮೇಳನ ನಿರ್ಣಯ ಮಾಡುವುದಾದರೆ ಮೊದಲು ಆ ಕಡತದ ಮೇಲೆ ಮಾಡಲಿ.